ಪದ ಹಿಂದೆಮುಂದಾದರೂ ಪರವಾಗಿಲ್ಲ, ಪ್ರತ್ಯಯ ಬಿಡಬೇಡಿ



ಮುಂದಿನ ಓದಿಗೆ ಜರ್ಮನಿಗೆ ಹೋಗಬೇಕೆಂದು ನನ್ನ ಮಗ ದುಬೈನಲ್ಲೇ ಜರ್ಮನ್ ಕಲಿಯುತ್ತಿದ್ದಾನೆ. ಮೊನ್ನೆ ಊಟಕ್ಕೆ ಕೂತಾಗ ಒಂದು ವಾಕ್ಯ ಹೇಳಿದ: "ಡೆನ್ ಮಾನ್ ಬೈಸ್ಟ್ ಡೆರ್ ಹುಂಡ್." ಅಂದರೆ 'ಮನುಷ್ಯನನ್ನು ಕಚ್ಚುತ್ತದೆ ನಾಯಿ'. "ನಮ್ಮ ಕನ್ನಡದ ಹಾಗೇ ಅಲ್ವಾ ಅಪ್ಪಾ?" ಅಂದ. ಇಂಗ್ಲಿಷಿನಲ್ಲಿ ಪದಗಳನ್ನು ಇದೇ ಸಾಲಿನಲ್ಲಿ ಇಟ್ಟರೆ ಮನುಷ್ಯನೇ ನಾಯಿಯನ್ನು ಕಚ್ಚಿಬಿಡುತ್ತಾನೆ!

ಗುಟ್ಟು ಇರುವುದು ವಿಭಕ್ತಿಯಲ್ಲಿ. ನಾವು 'ಅನ್ನು' ಎಂದು ಪದದ ಬಾಲಕ್ಕೆ ಹಚ್ಚುವುದನ್ನು ಜರ್ಮನರು ಹೆಚ್ಚಾಗಿ ಪದದ ಮುಂದಿನ 'ಡೆರ್', 'ಡೆನ್'ಗಳಲ್ಲಿ ತೋರಿಸುತ್ತಾರೆ. ಅವರಿಗೆ ವಿಭಕ್ತಿ ನಾಲ್ಕು, ನಮ್ಮ ವ್ಯಾಕರಣ ಪುಸ್ತಕಗಳಲ್ಲಿ ಏಳು. (1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚು ಹಾಕಿಸಿದ ಕಿಟೆಲ್ ಅವರು ಜರ್ಮನರೇ. ನಮ್ಮ ವಿಭಕ್ತಿಗಳು ಅವರನ್ನು ಅಷ್ಟೇನೂ ಹೆದರಿಸಿರಲಾರವು!)

ಆದರೆ ಜರ್ಮನ್ ಸ್ವಾತಂತ್ರ್ಯಕ್ಕೆ ಬೇಲಿ ಇದೆ. ಸಾಮಾನ್ಯ ಹೇಳಿಕೆಯಲ್ಲಿ ಮೊದಲು ಏನನ್ನಾದರೂ ಇಡಿ, ಕ್ರಿಯಾಪದ ಮಾತ್ರ ಎರಡನೇ ಜಾಗ ಬಿಡುವುದಿಲ್ಲ: "ಹೊಯ್ಟೆ ಫಾರೆ ಇಷ್ ನಾಖ್ ಅಬುಧಾಬಿ" - ಇವತ್ತು ಹೋಗುತ್ತೇನೆ ನಾನು ಅಬುಧಾಬಿಗೆ. ಅದೇ 'ವೈಲ್' (ಯಾಕೆಂದರೆ) ಸೇರಿತೋ, ಕ್ರಿಯಾಪದ ಕೊನೆಗೆ ಓಡುತ್ತದೆ: "ವೈಲ್ ಇಷ್ ಹೊಯ್ಟೆ ನಾಖ್ ಅಬುಧಾಬಿ ಫಾರೆ" - ಯಾಕೆಂದರೆ ನಾನು ಇವತ್ತು ಅಬುಧಾಬಿಗೆ ಹೋಗುತ್ತೇನೆ. ಥೇಟ್ ನಮ್ಮದೇ ಸಾಲು!

ಕನ್ನಡದಲ್ಲಿ 'ಅಮ್ಮ ಮಗುವಿಗೆ ದೋಸೆ ಕೊಟ್ಟಳು' ಎಂಬ ನಾಲ್ಕು ಪದಗಳನ್ನು 24 ರೀತಿಯಲ್ಲಿ ಜೋಡಿಸಬಹುದು. ಕೆಲವು ನಾಟಕದ ಮಾತಿನಂತೆ ಕೇಳಿಸಿದರೂ ದೋಸೆ ಮಗುವಿಗೇ ಸಿಗುತ್ತದೆ. ಹಾಗೆಂದು ಎಲ್ಲವೂ ಸಡಿಲವಲ್ಲ. 'ಕೆಂಪು ಕಾರು' ತಿರುಗಿಸಿದರೆ 'ಕಾರು ಕೆಂಪು' ಎಂಬ ಪೂರ್ತಿ ವಾಕ್ಯವೇ ಆಗಿಬಿಡುತ್ತದೆ. 'ಅಜ್ಜಿ ಕಳಿಸಿದ ಹಪ್ಪಳ' ಸರಿ; ನಮ್ಮ ಮಕ್ಕಳು ಇಂಗ್ಲಿಷಿನ ಗುಂಗಿನಲ್ಲಿ ಹೇಳುವ 'ಹಪ್ಪಳ ಅಜ್ಜಿ ಕಳಿಸಿದ' ಎಲ್ಲೂ ನಿಲ್ಲುವುದಿಲ್ಲ.

ನಾನು ತಪ್ಪಿದ್ದು ಇನ್ನೊಂದು ಕಡೆ. ಚಿಕ್ಕ ಮಗಳು ಫೋನಿನಲ್ಲಿ ಹಾಸನದ ಅಜ್ಜಿಗೆ "ನಾಯಿ ಓಡಿಸ್ತು ಬೆಕ್ಕು" ಅಂದಳು. "ಬೆಕ್ಕಿಗೆ ಅಷ್ಟೊಂದು ಧೈರ್ಯ ಬಂತಾ ಪುಟ್ಟಿ?" ಎಂದು ಅಜ್ಜಿ ನಕ್ಕರು. ಮಗಳ ಮುಖ ಚಿಕ್ಕದಾಯಿತು, ಫೋನು ನನ್ನ ಕೈಗೆ ಬಂತು. ನಾನು ಎಂದಿನಂತೆ "ಓಡಿಸ್ತು ಅನ್ನೋದನ್ನ ಕೊನೆಗೆ ಹೇಳಬೇಕು" ಎಂದು ತಿದ್ದಿದೆ. ಎರಡು ವಾರ ಅವಳು ಅಜ್ಜಿಯ ಹತ್ತಿರ "ಚೆನ್ನಾಗಿದ್ದೀನಿ" ಬಿಟ್ಟು ಬೇರೆ ಮಾತಾಡಲಿಲ್ಲ.

ಮಗನ ಜರ್ಮನ್ ವಾಕ್ಯ ಕೇಳಿದ ಮೇಲೆ ಹೊಳೆಯಿತು. ಅವಳ ಪದಗಳ ಸಾಲಿನಲ್ಲಿ ತಪ್ಪೇ ಇರಲಿಲ್ಲ, ಊರಲ್ಲೂ ಮಾತಿನ ಭರದಲ್ಲಿ ಹಾಗೆ ಹೇಳುತ್ತೇವೆ. ಬಿಟ್ಟುಹೋಗಿದ್ದು 'ಬೆಕ್ಕನ್ನ' ಎಂಬುದರ ಬಾಲ ಅಷ್ಟೇ. ದೋಸೆಗೆ 'ಅನ್ನು' ಇಲ್ಲದಿದ್ದರೂ ನಡೆಯುತ್ತದೆ, ಯಾಕೆಂದರೆ ದೋಸೆ ಯಾರಿಗೂ ಏನನ್ನೂ ಕೊಡುವುದಿಲ್ಲ. 'ಅಣ್ಣ ಅಕ್ಕ ಹೊಡೆದಳು' ಎಂದರೂ ಕ್ರಿಯಾಪದ ನೋಡಿ ಹೊಡೆದವಳು ಅಕ್ಕ ಎಂದು ಊಹಿಸಬಹುದು. ನಾಯಿ, ಬೆಕ್ಕು ಎರಡೂ ಓಡಿಸಬಲ್ಲವು, ಎರಡಕ್ಕೂ 'ಓಡಿಸ್ತು' ಒಂದೇ. ಅಲ್ಲಿ ಪ್ರತ್ಯಯ ಬಿಟ್ಟರೆ ಕೇಳುವವರಿಗೆ ಬೇರೆ ಗತಿಯಿಲ್ಲ.

ಈಗ ನಾನು ಸಾಲನ್ನು ಮುಟ್ಟುವುದಿಲ್ಲ, "ಯಾರನ್ನ?" ಎಂದು ಮಾತ್ರ ಕೇಳುತ್ತೇನೆ. ಕಳೆದ ಶನಿವಾರ ಅವಳೇ ಫೋನು ಹಿಡಿದು, "ಅಜ್ಜಿ, ಓಡಿಸ್ತು ಬೆಕ್ಕನ್ನ ಆ ನಾಯಿ, ಮತ್ತೆ!" ಅಂದಳು.

"ಯಾರ ಮನೆ ನಾಯಿನೇ ಅದು?" ಎಂದರು ಅಜ್ಜಿ. ಮಾತು ಅರ್ಧ ಗಂಟೆ ನಡೆಯಿತು.