ಮೈಲಿಗಳ ಲೆಕ್ಕವೂ ಗಂಟೆಗಳ ಲೆಕ್ಕವೂ

ಬೆಂಗಳೂರಿಗೂ ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವೆ ಸುಮಾರು ೧೪,೦೦೦ ಕಿಲೋಮೀಟರು, ಅಂದರೆ ೮,೭೦೦ ಮೈಲಿಗಳ ದೂರವುಂಟೆಂದು ಶಾಲೆಯ ಬಾಲಕನೂ ಭೂಗೋಲವನ್ನು ಮುಂದಿಟ್ಟುಕೊಂಡು ಹೇಳಬಲ್ಲನು. ಆದರೆ ಎಷ್ಟು ಹೊತ್ತಿನ ಪ್ರಯಾಣವೆಂದು ಕೇಳಿದರೆ ಭೂಗೋಲವೊಂದೇ ಸಾಲದು. ಗಿರಿಗಳನ್ನೂ ಗಾಳಿಯನ್ನೂ ರಾಜ್ಯಗಳ ಮನೋಧರ್ಮವನ್ನೂ ವಿಚಾರಿಸಬೇಕಾಗುತ್ತದೆ.

ಗೋಲದ ಮೇಲೆ ಈ ಎರಡು ನಗರಗಳಿಗೆ ದಾರವನ್ನು ಬಿಗಿದು ಹಿಡಿದರೆ ಅದು ಹಿಮಾಲಯವನ್ನು ದಾಟಿ, ಸೈಬೀರಿಯವನ್ನು ಹಾದು, ಉತ್ತರ ಶೀತವಲಯವನ್ನು ಹೊಗುತ್ತದೆ. ಅತ್ಯಂತ ಹತ್ತಿರದ ದಾರಿ ಇದೇ. ಆದರೆ ವಿಮಾನದೊಳಗಿನ ವಾಯುವಿನ ಒತ್ತಡ ತಪ್ಪಿದರೆ ಅದು ಕೂಡಲೇ ಹತ್ತು ಸಾವಿರ ಅಡಿಗಳಷ್ಟು ಕೆಳಕ್ಕೆ ಇಳಿಯಬೇಕು; ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ! ಆದುದರಿಂದ ವಿಮಾನಗಳು ಆ ಮಾರ್ಗವನ್ನು ಸಾಮಾನ್ಯವಾಗಿ ವರ್ಜಿಸುತ್ತವೆ. ೨೦೨೧ನೆಯ ಇಸವಿ ಜನವರಿ ತಿಂಗಳಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಚಾಲಕರೇ ನಡೆಸಿದ ಏರ್ ಇಂಡಿಯಾ ವಿಮಾನವು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮೇಲಾಗಿ ಸುಮಾರು ೧೬,೦೦೦ ಕಿಲೋಮೀಟರು ಹಾರಿ, ಎಲ್ಲಿಯೂ ತಂಗದೆ, ೧೧ನೆಯ ತಾರೀಖು ಬೆಂಗಳೂರಿನಲ್ಲಿ ಇಳಿಯಿತು. ಇದಕ್ಕೆ ಹಿಡಿದುದು ಹದಿನೇಳು ಗಂಟೆಗಳ ಕಾಲ.

ಗಡಿಯಾರದ ವಿನೋದವೂ ಒಂದುಂಟು. ಚಳಿಗಾಲದಲ್ಲಿ ಆ ನಗರವು ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಧ್ಯಾಹ್ನ ಎರಡಕ್ಕೆ ಬೆಂಗಳೂರನ್ನು ಬಿಟ್ಟವನು ಹದಿನೇಳು ಗಂಟೆ ಹಾರಿ, ಅದೇ ದಿನದ ಸಂಜೆ ಐದೂವರೆಗೆ ಅಲ್ಲಿ ಇಳಿಯುವನು!

ಗಿರಿ ಗಾಳಿಗಳು ನಿಸರ್ಗದ ಅಡಚಣೆಗಳು. ಮನುಷ್ಯನು ಒಡ್ಡಿದ ಅಡಚಣೆ ಬೇರೆಯದು. ೧೯೪೪ರ ಶಿಕಾಗೋ ಒಡಂಬಡಿಕೆಯು ಪ್ರತಿ ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದ ಪೂರ್ಣ ಸ್ವಾಮ್ಯವನ್ನು ಒಪ್ಪಿಕೊಂಡಿದೆ. ಈ ಸ್ವಾಮ್ಯವು ನ್ಯಾಯವಾದುದೇ. ಸ್ವಾತಂತ್ರ್ಯದ ಬೆಲೆಯನ್ನರಿತ ನಾವು ಅದನ್ನು ಅಲ್ಲಗಳೆಯಲಾರೆವು. ಆದರೆ ೨೦೨೫ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಅಮೆರಿಕಕ್ಕೆ ಹೊರಟವುಗಳು ಸುತ್ತುಬಳಸಿ ಹೋಗಿ, ಕೆಲವು ನಡುವೆ ವಿಯೆನ್ನಾದಲ್ಲಿ ಇಂಧನಕ್ಕಾಗಿ ಇಳಿಯಬೇಕಾಯಿತು. ಭೂಮಿ ಒಂದಂಗುಲವೂ ಬೆಳೆಯಲಿಲ್ಲ. ದಾರಿ ಮಾತ್ರ ಬೆಳೆಯಿತು.

೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಟಪಾಲನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟರು ಅದನ್ನು ನಮ್ಮ ಬಳ್ಳಾರಿಯ ಮೇಲೆ ಮದರಾಸಿಗೆ ಮುಟ್ಟಿಸಿದರು. ಒಂಟಿ ಯಂತ್ರದ ಆ ಪುಟ್ಟ ವಿಮಾನಕ್ಕೆ ಕರಾಚಿಯ ಆಕಾಶವು ತೆರೆದಿತ್ತು. ಇಂದಿನ ಮಹಾವಿಮಾನಕ್ಕೆ ಅದು ಮುಚ್ಚಬಹುದು. ಇದೆಂತಹ ಪ್ರಗತಿ ಎಂದು ವಾಚಕರೇ ಯೋಚಿಸಲಿ.

ಮಕ್ಕಳು ಸಾಗರದಾಚೆ ನೆಲೆಸಿರುವ ಮನೆಗಳು ನಮ್ಮ ಊರುಗಳಲ್ಲಿ ಇಂದು ಬೀದಿಗೊಂದರಂತಿವೆ. ಊರಿನಿಂದ ಕೆಟ್ಟ ಸುದ್ದಿ ಬಂದಾಗ ಆ ಮಗನು ಎಣಿಸುವುದು ಮೈಲಿಗಳನ್ನಲ್ಲ, ಗಂಟೆಗಳನ್ನು. ಯಂತ್ರಜ್ಞರು ಉಳಿಸಿಕೊಟ್ಟ ಆ ಗಂಟೆಗಳನ್ನು ರಾಜಕಾರಣವು ಕಸಿದುಕೊಳ್ಳದಂತೆ ನೋಡಿಕೊಳ್ಳುವುದು ಸರಕಾರಗಳ ಕರ್ತವ್ಯ.