ಹುಣ್ಣಿಮೆಯ ಉಬ್ಬರದ ಮೇಲೆ ಬಂದ ಕಡಲು

1893ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಾಗರದಲ್ಲಿ ಏಕಕಾಲಕ್ಕೆ ನಾಲ್ಕು ಚಂಡಮಾರುತಗಳು ಸುತ್ತುತ್ತಿದ್ದವು. ಅವುಗಳಲ್ಲೊಂದು 27ರ ಭಾನುವಾರ ರಾತ್ರಿ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರದ ಬಳಿ ದಡಕ್ಕೆ ಅಪ್ಪಳಿಸಿತು. ಆದರೆ ಅತಿ ಹೆಚ್ಚು ಜನ ಸತ್ತದ್ದು ಸವಾನಾದ ಈಶಾನ್ಯಕ್ಕೆ, ಸೌತ್ ಕ್ಯಾರೊಲಿನಾ ಕರಾವಳಿಗೆ ಅಂಟಿಕೊಂಡಿರುವ ಸೀ ಐಲೆಂಡ್ಸ್ ಎಂಬ ತಗ್ಗು ದ್ವೀಪಗಳಲ್ಲಿ. ಅದಕ್ಕೆ ಕಾರಣ ಗಾಳಿಯ ದಿಕ್ಕು.

ಉತ್ತರ ಗೋಳಾರ್ಧದಲ್ಲಿ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಹಾಗಾಗಿ ಅದು ದಡ ಸೇರುವಾಗ ಸಾಗುವ ದಾರಿಯ ಬಲಗಡೆ ಗಾಳಿ ಕಡಲಿನಿಂದ ನೆಲದತ್ತ ನುಗ್ಗುತ್ತದೆ. ಎಡಗಡೆ ನೆಲದಿಂದ ಕಡಲಿನತ್ತ ಬೀಸುತ್ತದೆ. ಈ ದ್ವೀಪಗಳಿದ್ದದ್ದು ಬಲಗಡೆ.

ಚಂಡಮಾರುತದ ನಡುವೆ ವಾಯುಭಾರ ಕುಸಿಯುವುದರಿಂದಲೇ ಸಮುದ್ರ ಉಬ್ಬುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅದರ ಪಾಲು ಚಿಕ್ಕದು. ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಏರುವುದು ಸುಮಾರು ಒಂದು ಸೆಂಟಿಮೀಟರ್. ಪ್ರಬಲ ಚಂಡಮಾರುತದಲ್ಲೂ ಅರ್ಧ ಮೀಟರ್ ಆಸುಪಾಸು. ಅಂದು ಕೆಲವೆಡೆ ನೀರು ಏರಿದ್ದು 16 ಅಡಿಯವರೆಗೆ. ಉಳಿದದ್ದು ಹೆಚ್ಚಾಗಿ ಗಾಳಿಯ ಕೆಲಸ. ಆಳದ ಕಡಲಿನಲ್ಲಿ ಗಾಳಿ ತಳ್ಳಿದ ನೀರು ಕೆಳಗಿಳಿದು ಹಿಂದಕ್ಕೆ ಹರಿದುಹೋಗುತ್ತದೆ. ಇಲ್ಲಿ ದಡದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಡಲು ಆಳವಿಲ್ಲ. ಕರಾವಳಿಯೂ ಒಳಕ್ಕೆ ಬಾಗಿದೆ. ಪಕ್ಕಕ್ಕೂ ಕೆಳಕ್ಕೂ ದಾರಿಯಿಲ್ಲದ ನೀರು ದಡಕ್ಕೇ ಒಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ ಆಗ ಹುಣ್ಣಿಮೆಯ ದೊಡ್ಡ ಉಬ್ಬರ.

ದ್ವೀಪಗಳಲ್ಲಿದ್ದವರು ಹೆಚ್ಚಾಗಿ ಗಲ್ಲಾ ಎಂಬ ಕಪ್ಪು ಜನ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿ, ಕೆಲವೇ ಎಕರೆ ಜಮೀನಿನಲ್ಲಿ ಹತ್ತಿ ಬೆಳೆದು ಮರದ ಗುಡಿಸಲಲ್ಲಿ ಬದುಕುತ್ತಿದ್ದವರು ಮತ್ತು ಅವರ ಮಕ್ಕಳು. ಸೇಂಟ್ ಹೆಲೆನಾದಂಥ ದ್ವೀಪಕ್ಕೆ ಆಗ ಸೇತುವೆ ಇರಲಿಲ್ಲ. ದೋಣಿಯೇ ಗತಿ, ಬಿರುಗಾಳಿಯಲ್ಲಿ ಅದೂ ಇಲ್ಲ. ಸತ್ತವರು ಸಾವಿರವೆಂದು ಕೆಲವರು, ಎರಡು ಸಾವಿರ ಮೀರಿತೆಂದು ಕೆಲವರು. ಸತ್ತವರು ಬಡ ಕಪ್ಪು ಜನರಾಗಿರದಿದ್ದರೆ ಲೆಕ್ಕ ಇಷ್ಟು ಸಡಿಲವಾಗಿ ಉಳಿಯುತ್ತಿತ್ತೆ ಎಂಬ ಅನುಮಾನ ನನ್ನದು.

ನೀರು ಇಳಿದ ಮೇಲೆ ಉಪ್ಪು ಉಳಿಯಿತು. ಬಾವಿಗಳು ಕೆಟ್ಟವು, ಹೊಲದಲ್ಲಿದ್ದ ಹತ್ತಿ, ಗೆಣಸು ಹಾಳಾದವು. ಸುಮಾರು 30,000 ಜನ ನಿರ್ಗತಿಕರಾದರು. ಕೇಂದ್ರ ಸರ್ಕಾರ ಹಣ ಕೊಡಲಿಲ್ಲ. ಅಮೆರಿಕದ ರೆಡ್ ಕ್ರಾಸ್ ಕಟ್ಟಿದ ಕ್ಲಾರಾ ಬಾರ್ಟನ್ ತಮ್ಮ 71ನೇ ವಯಸ್ಸಿನಲ್ಲಿ ಅಕ್ಟೋಬರಿನಲ್ಲಿ ಪರಿಹಾರದ ಹೊಣೆ ಹೊತ್ತು, ಮರುವರ್ಷದ ಬೇಸಿಗೆಯವರೆಗೂ ಕೆಲಸ ನಡೆಸಿದರು. ಕುಟುಂಬಕ್ಕೆ ಇಂತಿಷ್ಟೆಂದು ವಾರದ ಮುಸುಕಿನ ಜೋಳದ ನುಚ್ಚು, ಹಂದಿ ಮಾಂಸ ಹಂಚಿದ್ದು ಎಲ್ಲರೂ ಮಾಡುವ ಕೆಲಸ. ಅವರ ಜಾಣತನ ಕಾಣುವುದು ಕಾಲುವೆಗಳಲ್ಲಿ. ಗಂಡಸರಿಗೆ ಬಸಿಗಾಲುವೆ ತೋಡುವ ಕೆಲಸ ಕೊಟ್ಟರು. ಮಳೆ ಬಿದ್ದಾಗ ಮಣ್ಣಿನ ಉಪ್ಪು ಕರಗಿ ಹರಿದುಹೋಗಲು ದಾರಿಯಿದ್ದರೆ ಮಾತ್ರ ಅಲ್ಲಿ ಮತ್ತೆ ಬೆಳೆ ಸಾಧ್ಯ. ಹೆಂಗಸರು ದೇಣಿಗೆಯಾಗಿ ಬಂದ ಬಟ್ಟೆಗಳನ್ನು ಹೊಲಿದು ಸರಿಪಡಿಸಿದರು. ವಸಂತಕ್ಕೆ ಬಿತ್ತನೆ ಬೀಜವೂ ಬಂತು.