ಅರ್ಬುದ ರೋಗವೂ ಸುವರ್ಣಕಣವೂ

ನಮ್ಮ ದೊಡ್ಡಬಳ್ಳಾಪುರದ ನೇಕಾರನು ಮಗ್ಗದಲ್ಲಿ ಎಳೆ ಕಡಿದೊಡನೆ ಕೈತಡೆದು ಗಂಟಿಕ್ಕುವನು. ಸೀರೆ ಕೆಟ್ಟ ಬಳಿಕ ಎಚ್ಚರಗೊಳ್ಳುವವನಲ್ಲ. ದೇಹದ ವಿಷಯದಲ್ಲಿ ಮಾತ್ರ ನಾವೆಲ್ಲರೂ ಇದಕ್ಕೆ ವಿರುದ್ಧವಾಗಿ ನಡೆಯುತ್ತಿರುವೆವು. ಅರ್ಬುದವು, ಎಂದರೆ ಕ್ಯಾನ್ಸರ್ ರೋಗವು, ಅನೇಕ ವೇಳೆ ನೋವಿಲ್ಲದೆ ಮೊದಲಾಗುವುದು; ನೋವು ಕಾಣುವ ವೇಳೆಗೆ ಬೇರೂರಿರುವುದು. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಗೆ ಬರುವ ರೋಗಿಗಳಲ್ಲಿ ಅನೇಕರು ರೋಗ ಬಲಿತ ಮೇಲೆಯೇ ಬರುವರೆಂಬುದು ವಿಷಾದಕರವು.

ರೋಗದ ಸುಳಿವನ್ನು ಮೊದಲೇ ಹಿಡಿಯಲು ವಿಜ್ಞಾನಿಗಳು ಈಗ ನ್ಯಾನೋಕಣಗಳನ್ನು ನೆಚ್ಚಿರುವರು. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಇಂಥ ಕೆಲವು ಹತ್ತು ನ್ಯಾನೋಮೀಟರಿನಷ್ಟು ಸಣ್ಣ ಚಿನ್ನದ ಕಣಗಳು ನೀರಿನಲ್ಲಿ ಹರಡಿದ್ದರೆ ಆ ನೀರು ಮಾಣಿಕ್ಯದಂತೆ ಕೆಂಪಾಗಿ ಕಾಣುವುದು. ಕಣಗಳು ಗುಂಪುಗೂಡಿದರೆ ನೀಲಿಗೆ ತಿರುಗುವುದು. ಈ ಕೆಂಪು ದ್ರವವನ್ನು ಕುರಿತು ಫ್ಯಾರಡೆ ಮಹಾಶಯನು 1857ರಲ್ಲಿಯೇ ಲಂಡನ್ನಿನಲ್ಲಿ ವಿವರಿಸಿದ್ದನು. ಅರ್ಬುದವನ್ನು ಸೂಚಿಸುವ ಪ್ರೋಟೀನನ್ನು ಅಂಟಿ ಹಿಡಿಯುವ ಪ್ರತಿಕಾಯಗಳನ್ನು ಕಣಗಳಿಗೆ ಜೋಡಿಸಿದರೆ, ಒಂದು ಹನಿ ರಕ್ತದಲ್ಲಿ ಅದು ಸಿಕ್ಕಿಬಿದ್ದ ಗುರುತು ಬಣ್ಣದ ಬದಲಾವಣೆಯಿಂದಲೋ ವಿದ್ಯುತ್ತಿನ ವ್ಯತ್ಯಾಸದಿಂದಲೋ ಹೊರಪಡುವುದು. ಇದೇ ಜೈವಿಕ ಸಂವೇದಕವು. ಔಷಧದಂಗಡಿಯ ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಕೆಂಪು ಗೆರೆ ಮೂಡುವುದೂ ಸಾಮಾನ್ಯವಾಗಿ ಇಂಥ ಸುವರ್ಣಕಣಗಳಿಂದಲೇ.

ಈ ವಿದ್ಯೆಯು ನಮಗೆ ದೂರದ್ದಲ್ಲ. ಭಾರತ ಸರ್ಕಾರವು 2007ರಲ್ಲಿ ನ್ಯಾನೋ ಮಿಷನ್ನನ್ನು ಆರಂಭಿಸಿತು. 1989ರಲ್ಲಿ ಹುಟ್ಟಿದ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರವು ನಮಗೆ ಸಮೀಪದ ಜಕ್ಕೂರಿನಲ್ಲಿಯೇ ಇರುವುದು. ಪ್ರಜೆಗಳ ತೆರಿಗೆಯಿಂದ ಬೆಳೆದ ವಿದ್ಯೆಯ ಫಲವು ಪ್ರಜೆಗಳ ಬಾಗಿಲಿಗೆ ಬರತಕ್ಕುದು ನ್ಯಾಯವಷ್ಟೆ.

ಆದರೆ ಅತ್ಯಾಶೆ ಸಲ್ಲದು. ಇಂಥ ಸಂವೇದಕಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗಶಾಲೆಯನ್ನು ದಾಟಿಲ್ಲ. ಅಂಡಾಶಯದ ಅರ್ಬುದವನ್ನು ಸೂಚಿಸುವ ಸಿಎ-125 ಎಂಬ ಪ್ರೋಟೀನು ಅರ್ಬುದವಲ್ಲದ ಬೇನೆಗಳಲ್ಲಿಯೂ ಏರುವುದುಂಟು. ಆದುದರಿಂದ ಸಂವೇದಕವು ಸೂಚನೆ ಕೊಡುವುದೇ ಹೊರತು ತೀರ್ಪನ್ನಲ್ಲ; ನಿರ್ಣಯಕ್ಕೆ ಸಾಮಾನ್ಯವಾಗಿ ಅಂಗಾಂಶದ ಪರೀಕ್ಷೆಯೇ ಬೇಕು.

ಹಾಗೆಂದು ಹೊಸ ಯಂತ್ರ ಬರುವವರೆಗೆ ಕೈಕಟ್ಟಿ ಕೂರುವುದು ವಿವೇಕವಲ್ಲ. 30 ವರ್ಷ ಮೀರಿದವರಿಗೆ ಬಾಯಿ, ಸ್ತನ, ಗರ್ಭಕೊರಳುಗಳ ತಪಾಸಣೆಯು ಸರ್ಕಾರದ ಯೋಜನೆಯಲ್ಲಿಯೇ ಉಂಟು. ಬಾಯಿಯ ಪರೀಕ್ಷೆಗೆ ಬೇಕಾದುದು ದೀಪದ ಬೆಳಕು, ಪಳಗಿದ ಕಣ್ಣು. ಹೊಗೆಸೊಪ್ಪು ಅಡಿಕೆ ಅಗಿಯುವವರು ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ, ಕೂಡಲೆ ವೈದ್ಯರಿಗೆ ತೋರಿಸತಕ್ಕುದು. ಒಂದು ದಿನದ ಕೂಲಿ ಹೋಗುವುದೆಂದು ಹಿಂಜರಿಯುವ ನೇಕಾರನಿರುವೆಡೆಗೆ, ಮಗ್ಗ ನಿಲ್ಲುವ ದಿನ ನೋಡಿ, ತಪಾಸಣೆಯನ್ನೇ ಕೊಂಡೊಯ್ಯಬೇಕೆಂದು ತಾಲ್ಲೂಕಿನ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು. ನಾಳೆ ಸುವರ್ಣಕಣವು ಬಂದಾಗಲೂ ಅದು ಹಾಯಬೇಕಾದ ದಾರಿ ಇದೇ. ಆ ದಾರಿಯನ್ನು ಇಂದೇ ಹಸನುಮಾಡಿಡೋಣ.